ಹೆನ್ರಿಯೆಟಾ ಮರಿಯಾ

ಹೆನ್ರಿಯೆಟಾ ಮರಿಯಾ (25 ನವೆಂಬರ್ 1609 – 10 ಸೆಪ್ಟೆಂಬರ್ 1669) ಫ್ರಾನ್ಸಿನ ರಾಜಕುಮಾರಿ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳ ದೊರೆಯಾಗಿದ್ದ ಒಂದನೆಯ ಚಾರ್ಲ್ಸ್‌ನ ಪತ್ನಿ. ಮುಂದೆ ಅದೇ ಸಿಂಹಾಸನವನ್ನೇರಿದ ಎರಡನೆಯ ಚಾರ್ಲ್ಸ್ ಮತ್ತು ಎರಡನೆಯ ಜೇಮ್ಸ್ ಇವರ ತಾಯಿ. ರೋಮನ್ ಕ್ಯಾಥೊಲಿಕ್ ಪಂಥಕ್ಕೆ ಸೇರಿದ್ದ ಈಕೆ ಹದಿನೈದನೆಯ ವಯಸ್ಸಿನಲ್ಲಿ ಪ್ರಾಟೆಸ್ಟಂಟ್ ರಾಜ್ಯವೊಂದರ ರಾಣಿಯಾಗಿ ಬಂದು, ಜೀವನದ ಕೊನೆಯವರೆಗೂ ತನ್ನ ಪಂಥವನ್ನು ಬಿಡದೆ ಉಳಿದಳು. ಉತ್ತರ ಅಮೆರಿಕದ ಮೇರಿಲ್ಯಾಂಡ್ ಪ್ರಾಂತ್ಯಕ್ಕೆ ಆ ಹೆಸರು ಬಂದದ್ದು ಈಕೆಯಿಂದಲೇ.

ಗಂಡ ಹೆಂಡತಿ ಇಬ್ಬರೂ ಕ್ರೈಸ್ತರೇ ಆಗಿದ್ದರೂ ಅವರು ಒಂದೇ ಬಲಿಪೀಠದ ಮುಂದೆ ಮಂಡಿಯೂರುವಂತಿರಲಿಲ್ಲ. ವಿವಾಹ, ಪಟ್ಟಾಭಿಷೇಕ, ಉಪವಾಸ, ಊಟದ ಮುಂಚಿನ ಪ್ರಾರ್ಥನೆ, ಮಕ್ಕಳ ದೀಕ್ಷಾಸ್ನಾನ ಹೀಗೆ ಬದುಕಿನ ಒಂದೊಂದು ಘಟ್ಟದಲ್ಲಿಯೂ ಯಾವ ಕ್ರಮವನ್ನು ಅನುಸರಿಸಬೇಕೆಂಬ ಪ್ರಶ್ನೆ ಈ ದಂಪತಿಗಳಿಗೆ ಎದುರಾಯಿತು. ಅದಕ್ಕೆ ಅವರು ಕಂಡುಕೊಂಡ ಉತ್ತರಗಳು ಒಂದು ಕುಟುಂಬದ ಚರಿತ್ರೆಯನ್ನು ಮಾತ್ರವಲ್ಲದೆ ಇಂಗ್ಲೆಂಡಿನ ಚರಿತ್ರೆಯನ್ನೂ ಪ್ರಭಾವಿಸಿದವು.

(ಈ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಜೂಲಿಯನ್ ಪಂಚಾಂಗವೂ ಫ್ರಾನ್ಸಿನಲ್ಲಿ ಗ್ರೆಗೋರಿಯನ್ ಪಂಚಾಂಗವೂ ಬಳಕೆಯಲ್ಲಿದ್ದವು. ಇವುಗಳ ನಡುವೆ ಹತ್ತು ದಿನಗಳ ಅಂತರವಿತ್ತು. ಈ ಲೇಖನದಲ್ಲಿ ಇಂಗ್ಲೆಂಡಿನ ಘಟನೆಗಳಿಗೆ ಆ ದೇಶದ ದಿನಾಂಕಗಳನ್ನೇ ಕೊಡಲಾಗಿದೆ.)

ಜನನ ಮತ್ತು ಬಾಲ್ಯ

ಹೆನ್ರಿಯೆಟಾ ಮರಿಯಾ ಪ್ಯಾರಿಸಿನ ಲೂವ್ರ್ ಅರಮನೆಯಲ್ಲಿ ಜನಿಸಿದಳು. ತಂದೆ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿ. ತಾಯಿ ಇಟಲಿಯ ಮೆಡಿಚಿ ಮನೆತನದ ಮರಿ. ಮಗಳಿಗೆ ಆರು ತಿಂಗಳು ತುಂಬುವ ಮೊದಲೇ, 1610ರ ಮೇ 14ರಂದು, ನಾಲ್ಕನೆಯ ಹೆನ್ರಿ ಹಂತಕನೊಬ್ಬನ ಕೈಯಲ್ಲಿ ಹತನಾದನು. ಅಣ್ಣ ಹದಿಮೂರನೆಯ ಲೂಯಿ ಸಿಂಹಾಸನವನ್ನೇರಿದನು. ಹಿರಿಯ ಅಕ್ಕಂದಿರಲ್ಲಿ ಎಲಿಜಬೆತ್ ಸ್ಪೇನಿನ ರಾಜಮನೆತನಕ್ಕೂ ಕ್ರಿಸ್ಟೀನ್ ಸವಾಯ್ ಮನೆತನಕ್ಕೂ ಸೊಸೆಯರಾಗಿ ಹೋದರು. ಇವೆರಡೂ ಕ್ಯಾಥೊಲಿಕ್ ಮನೆತನಗಳು.

ಪಂಥಭೇದದ ನೆನಪು ಈ ಕುಟುಂಬಕ್ಕೆ ಹೊಸದಾಗಿರಲಿಲ್ಲ. ನಾಲ್ಕನೆಯ ಹೆನ್ರಿ ಮೊದಲು ಪ್ರಾಟೆಸ್ಟಂಟರ ನಾಯಕನಾಗಿದ್ದವನು. 1572ರ ಆಗಸ್ಟ್ ತಿಂಗಳಲ್ಲಿ ಕ್ಯಾಥೊಲಿಕ್ ರಾಜಕುಮಾರಿ ಮಾರ್ಗರೆಟಳೊಡನೆ ನಡೆದ ಅವನ ಮೊದಲ ವಿವಾಹದ ಬೆನ್ನಿಗೇ, ಆ ಮದುವೆಗೆಂದು ಪ್ಯಾರಿಸಿಗೆ ಬಂದಿದ್ದ ಪ್ರಾಟೆಸ್ಟಂಟರ ಭೀಕರ ಹತ್ಯಾಕಾಂಡ ನಡೆದಿತ್ತು. 1593ರಲ್ಲಿ ಅವನು ಕ್ಯಾಥೊಲಿಕ್ ಪಂಥವನ್ನು ಸ್ವೀಕರಿಸಿ, 1598ರ ನಾಂಟ್ ಶಾಸನದ ಮೂಲಕ ಪ್ರಾಟೆಸ್ಟಂಟ್ ಪ್ರಜೆಗಳಿಗೆ ಮಿತವಾದ ಆರಾಧನಾ ಸ್ವಾತಂತ್ರ್ಯವನ್ನು ಕೊಟ್ಟನು. ಅವನ ಕಿರಿಯ ಮಗಳು ಮಾತ್ರ ಪೂರ್ಣವಾಗಿ ಕ್ಯಾಥೊಲಿಕ್ ವಾತಾವರಣದಲ್ಲಿ ಬೆಳೆದಳು. ಸಂಗೀತ, ನೃತ್ಯ, ಕುದುರೆ ಸವಾರಿಗಳೊಡನೆ ಕಾರ್ಮೆಲ್ ಸಂನ್ಯಾಸಿನಿಯರ ಧಾರ್ಮಿಕ ಪ್ರಭಾವವೂ ಆಕೆಯ ಬಾಲ್ಯದ ಮೇಲಾಯಿತು.

ಎರಡು ಆರಾಧನಾ ಕ್ರಮಗಳು

ಮುಂದಿನ ಘಟನೆಗಳನ್ನು ಅರಿಯಲು ಅಂದಿನ ಎರಡು ಕ್ರಮಗಳ ವ್ಯತ್ಯಾಸವನ್ನು ತಿಳಿದುಕೊಳ್ಳುವುದು ಅಗತ್ಯ. ಕ್ಯಾಥೊಲಿಕ್ ಬಲಿಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಗುರುವು ಅರ್ಪಿಸಿದ ರೊಟ್ಟಿ ಮತ್ತು ದ್ರಾಕ್ಷಾರಸಗಳು ನಿಜವಾಗಿಯೂ ಕ್ರಿಸ್ತನ ಶರೀರ ಮತ್ತು ರಕ್ತಗಳಾಗಿ ಮಾರ್ಪಡುತ್ತವೆಂಬುದು ಅದರ ತಿರುಳು. ಸಂತರ ಸ್ಮರಣೆ, ಪ್ರತಿಮೆಗಳು, ಜಪಸರ, ಗುರುವಿನ ಮುಂದೆ ಪಾಪನಿವೇದನೆ, ನಿಯತ ದಿನಗಳಲ್ಲಿ ಮಾಂಸವರ್ಜನೆ ಇವು ಆ ಕ್ರಮದ ಅಂಗಗಳು. ಪೋಪರು ಅದರ ಪರಮಾಧಿಕಾರಿ.

ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಆರಾಧನೆಯು ಸಾಮಾನ್ಯ ಪ್ರಾರ್ಥನಾ ಗ್ರಂಥಕ್ಕೆ ಅನುಸಾರವಾಗಿ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಬಿಷಪ್ಪರು ಇದ್ದರು, ಆದರೆ ಪೋಪರ ಅಧಿಕಾರವನ್ನು ತಿರಸ್ಕರಿಸಲಾಗಿತ್ತು. ಸಭೆಯ ಆಡಳಿತದ ಮುಖ್ಯಸ್ಥನು ದೊರೆಯೇ. ಹೀಗಾಗಿ ಚಾರ್ಲ್ಸನು ಹೆಂಡತಿಯ ಪಂಥಕ್ಕೆ ಒಲಿದರೆ ಅದು ಒಬ್ಬ ವ್ಯಕ್ತಿಯ ಮನಃಪರಿವರ್ತನೆಯಾಗುತ್ತಿರಲಿಲ್ಲ. ರಾಜ್ಯದ ಧರ್ಮವೇ ಅಲುಗಾಡುತ್ತಿತ್ತು. ಆಂಗ್ಲಿಕನ್ ಸಭೆಯಲ್ಲಿ ಇನ್ನೂ ಉಳಿದಿದ್ದ ಆಚರಣೆಗಳನ್ನೂ ತೆಗೆದುಹಾಕಬೇಕೆನ್ನುವ ಪ್ಯೂರಿಟನ್ನರು ಒಂದೆಡೆ, ಬಿಷಪ್ಪರಿಲ್ಲದ ಪ್ರೆಸ್ಬಿಟೇರಿಯನ್ ವ್ಯವಸ್ಥೆಯನ್ನು ಮೆಚ್ಚಿದ ಸ್ಕಾಟ್ಲೆಂಡಿನವರು ಮತ್ತೊಂದೆಡೆ ಇದ್ದರು.

ಇಂಗ್ಲೆಂಡಿನ ಕ್ಯಾಥೊಲಿಕ್ ಪ್ರಜೆಗಳ ಸ್ಥಿತಿ ಕಠಿಣವಾಗಿತ್ತು. ಆಂಗ್ಲಿಕನ್ ಆರಾಧನೆಗೆ ಹೋಗದವರಿಗೆ ತಿಂಗಳಿಗೆ 20 ಪೌಂಡುಗಳವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿತ್ತು. ವಿದೇಶದಲ್ಲಿ ಗುರುದೀಕ್ಷೆ ಪಡೆದು ದೇಶದೊಳಗೆ ಬಂದ ಕ್ಯಾಥೊಲಿಕ್ ಗುರುವು 1585ರ ಕಾನೂನಿನಂತೆ ರಾಜದ್ರೋಹಿ ಎನಿಸುತ್ತಿದ್ದನು. ರಾಣಿಗೆ ಹಕ್ಕಾಗಿ ದೊರೆತ ಬಲಿಪೂಜೆ ಆಕೆಯ ಪ್ರಜೆಗಳಿಗೆ ಅಪರಾಧವಾಗಿತ್ತು.

ವಿವಾಹ ಒಪ್ಪಂದ

ಚಾರ್ಲ್ಸನಿಗೆ ಮೊದಲು ಸ್ಪೇನಿನ ರಾಜಕುಮಾರಿಯನ್ನು ತರುವ ಮಾತುಕತೆ ನಡೆದಿತ್ತು. ಆ ಸಲುವಾಗಿ 1623ರಲ್ಲಿ ಅವನು ಬಕಿಂಗ್‌ಹ್ಯಾಮಿನೊಡನೆ ವೇಷ ಮರೆಸಿಕೊಂಡು ಮ್ಯಾಡ್ರಿಡ್‌ಗೆ ಪ್ರಯಾಣ ಮಾಡಿದನು. ದಾರಿಯಲ್ಲಿ ಪ್ಯಾರಿಸಿನ ಅರಮನೆಯಲ್ಲಿ ನಡೆಯುತ್ತಿದ್ದ ನೃತ್ಯಾಭ್ಯಾಸವೊಂದರಲ್ಲಿ ಹೆನ್ರಿಯೆಟಾಳನ್ನು ಕಂಡಿದ್ದನು. ಸ್ಪೇನಿನ ಸಂಬಂಧ ಮುರಿದುಬಿದ್ದ ಮೇಲೆ ಫ್ರಾನ್ಸಿನೊಡನೆ ಮಾತುಕತೆ ಆರಂಭವಾಗಿ, 1624ರ ಕೊನೆಯಲ್ಲಿ ಒಪ್ಪಂದವಾಯಿತು.

ಒಪ್ಪಂದದಂತೆ ರಾಣಿಗೂ ಆಕೆಯ ಪರಿವಾರಕ್ಕೂ ತಮ್ಮ ಪಂಥದ ಆರಾಧನೆಗೆ ಪೂರ್ಣ ಸ್ವಾತಂತ್ರ್ಯವಿತ್ತು. ಆಕೆ ವಾಸಿಸುವ ಅರಮನೆಗಳಲ್ಲಿ ಪ್ರಾರ್ಥನಾಲಯಗಳಿರಬೇಕು. ಒಬ್ಬ ಬಿಷಪ್ ಹಾಗೂ 28 ಮಂದಿ ಗುರುಗಳು ಜೊತೆಯಲ್ಲಿರಬಹುದು. ಹುಟ್ಟುವ ಮಕ್ಕಳು ಹದಿಮೂರು ವರ್ಷದವರೆಗೆ ತಾಯಿಯ ಆರೈಕೆಯಲ್ಲಿರಬೇಕು. ಇದಲ್ಲದೆ ಕ್ಯಾಥೊಲಿಕ್ ಪ್ರಜೆಗಳ ಮೇಲಿನ ದಂಡನೆಯ ಕಾನೂನುಗಳನ್ನು ಸಡಿಲಿಸುವುದಾಗಿ ಇಂಗ್ಲೆಂಡಿನ ಕಡೆಯವರು ಗುಪ್ತವಾಗಿ ಪ್ರತ್ಯೇಕ ವಚನವನ್ನಿತ್ತರು. ಪಂಥಾಂತರ ವಿವಾಹಕ್ಕೆ ಅಗತ್ಯವಾದ ವಿಶೇಷ ಅನುಮತಿಯನ್ನು ಪೋಪ್ ಎಂಟನೆಯ ಅರ್ಬನ್ ನೀಡಿದರು.

ಆದರೆ ಅದೇ 1624ರಲ್ಲಿ ಚಾರ್ಲ್ಸನು ತನ್ನ ಪಾರ್ಲಿಮೆಂಟಿಗೆ ಬೇರೊಂದು ಮಾತು ಕೊಟ್ಟಿದ್ದನು. ತಾನು ಕ್ಯಾಥೊಲಿಕ್ ವಧುವನ್ನು ತಂದರೂ ಅದರ ಅನುಕೂಲ ಆಕೆಯ ಪರಿವಾರಕ್ಕೆ ಮಾತ್ರ ಸೀಮಿತವೆಂದೂ ದೇಶದ ಕ್ಯಾಥೊಲಿಕರಿಗೆ ಯಾವ ವಿನಾಯಿತಿಯೂ ದೊರೆಯದೆಂದೂ ಅವನು ಭರವಸೆ ನೀಡಿದ್ದನು. ಪರಸ್ಪರ ವಿರುದ್ಧವಾದ ಈ ಎರಡು ವಚನಗಳಲ್ಲಿ ಒಂದನ್ನು ಮುರಿಯುವುದು ಅನಿವಾರ್ಯವಾಗಿತ್ತು. ದಾಂಪತ್ಯದ ಮೊದಲ ವರ್ಷಗಳ ಕಹಿಗೆ ಬೀಜ ಬಿದ್ದದ್ದು ಇಲ್ಲಿಯೇ.

ಎರಡು ಬಾರಿ ವಿವಾಹ

1625ರ ಮಾರ್ಚ್ 27ರಂದು ತಂದೆ ಒಂದನೆಯ ಜೇಮ್ಸ್ ತೀರಿಕೊಂಡು ಚಾರ್ಲ್ಸನು ದೊರೆಯಾದನು. ಮೇ 1ರಂದು (ಫ್ರಾನ್ಸಿನ ಲೆಕ್ಕದಲ್ಲಿ ಮೇ 11) ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದ ಬಾಗಿಲ ಮುಂದೆ ಕಟ್ಟಿದ ವೇದಿಕೆಯ ಮೇಲೆ, ವರನ ಅನುಪಸ್ಥಿತಿಯಲ್ಲಿ, ವಿವಾಹ ನಡೆಯಿತು. ವರನ ಪ್ರತಿನಿಧಿಯಾಗಿ ಶೆವ್ರೂಸಿನ ಡ್ಯೂಕ್ ನಿಂತಿದ್ದನು. ವಧುವೂ ರಾಜಪರಿವಾರವೂ ಬಲಿಪೂಜೆಗೆಂದು ದೇವಾಲಯದ ಒಳಗೆ ನಡೆದಾಗ, ಡ್ಯೂಕನು ಸ್ವತಃ ಕ್ಯಾಥೊಲಿಕನಾಗಿದ್ದರೂ ಪ್ರಾಟೆಸ್ಟಂಟ್ ದೊರೆಯ ಸ್ಥಾನದಲ್ಲಿದ್ದುದರಿಂದ ಒಳಗೆ ಹೋಗದೆ ಹಿಂದೆ ಸರಿದನು. ವಧುವಿನ ತಂದೆಯ 1572ರ ವಿವಾಹದಲ್ಲಿಯೂ ಇದೇ ಏರ್ಪಾಡಿತ್ತು.

ಹೊರಡುವಾಗ ತಾಯಿ ಮಗಳ ಕೈಗೆ ಒಂದು ಉಪದೇಶಪತ್ರವನ್ನು ಕೊಟ್ಟಳು. ಸ್ವಧರ್ಮದಲ್ಲಿ ಅಚಲಳಾಗಿರಬೇಕೆಂದೂ ಇಂಗ್ಲೆಂಡಿನ ಕ್ಯಾಥೊಲಿಕರನ್ನು ಕಾಪಾಡಬೇಕೆಂದೂ ಅದರಲ್ಲಿ ವಿಧಿಸಲಾಗಿತ್ತು. ಹದಿನೈದರ ಹುಡುಗಿ ಪತ್ನಿಯಾಗುವುದರ ಜೊತೆಗೆ ಪಂಥವೊಂದರ ರಕ್ಷಕಿಯ ಹೊಣೆಯನ್ನೂ ಹೊತ್ತು ಹೊರಟಳು.

ಜೂನ್ 12ರಂದು ಆಕೆ ಡೋವರ್ ಬಂದರಿನಲ್ಲಿ ಇಳಿದಳು. ಮರುದಿನ ಕ್ಯಾಂಟರ್‌ಬರಿಯಲ್ಲಿ ದಂಪತಿಗಳ ವಿವಾಹ ವಿಧ್ಯುಕ್ತವಾಗಿ ಪೂರ್ಣಗೊಂಡಿತು. ಅಂದಿನ ಭೋಜನದ ಸಂಗತಿಯೊಂದನ್ನು ಸಮಕಾಲೀನ ವರದಿಗಳು ದಾಖಲಿಸಿವೆ. ದೊರೆ ತಾನೇ ಮಾಂಸವನ್ನು ಕತ್ತರಿಸಿ ಪತ್ನಿಗೆ ಬಡಿಸಿದನು. ಇಂಗ್ಲೆಂಡಿನಲ್ಲಿ ಆ ದಿನ ಜೂನ್ 13; ಫ್ರಾನ್ಸಿನ ಲೆಕ್ಕದಲ್ಲಿ ಜೂನ್ 23, ಅಂದರೆ ಸಂತ ಯೋವಾನ್ನರ ಹಬ್ಬದ ಮುನ್ನಾದಿನ, ಉಪವಾಸದ ದಿನ. ಬಳಿಯಲ್ಲಿದ್ದ ಗುರು ಅದನ್ನು ನೆನಪಿಸಿದರೂ ಆಕೆ ಗಂಡ ಬಡಿಸಿದ್ದನ್ನು ಉಂಡಳು. ಮುಂದಿನ ಮೂರು ವರ್ಷಗಳಲ್ಲಿ ಇಂಥ ಸಣ್ಣ ಹೊಂದಾಣಿಕೆಗಳು ಅಪರೂಪವಾದವು.

ಮೊದಲ ವರ್ಷಗಳ ವಿರಸ

ಯುದ್ಧಕ್ಕೆ ಹಣ ಬೇಕಾಗಿದ್ದ ಚಾರ್ಲ್ಸನು ಪಾರ್ಲಿಮೆಂಟಿನ ಒತ್ತಾಯಕ್ಕೆ ಮಣಿದು ಕ್ಯಾಥೊಲಿಕರ ಮೇಲಿನ ಕಾನೂನುಗಳನ್ನು ಮತ್ತೆ ಜಾರಿಗೊಳಿಸಿದನು. ಗುಪ್ತ ವಚನ ಮುರಿಯಿತು. ತನ್ನನ್ನು ಕಳುಹಿಸಿದ ಉದ್ದೇಶವೇ ವ್ಯರ್ಥವಾಯಿತೆಂದು ರಾಣಿಗೆ ಅನ್ನಿಸಿತು. ಆಕೆಯ ಸುತ್ತ ಫ್ರಾನ್ಸಿನಿಂದ ಬಂದ ದೊಡ್ಡ ಪರಿವಾರವಿತ್ತು. ಪಾದ್ರಿ ಬೆರೂಲ್ ಮೊದಲಾದ ಓರೆಟೋರಿಯನ್ ಗುರುಗಳಿದ್ದರು. ಇಂಗ್ಲಿಷ್ ಭಾಷೆ ಆಕೆಗೆ ಬಾರದು. ದೊರೆಯ ಮೇಲೆ ಬಕಿಂಗ್‌ಹ್ಯಾಮ್ ಡ್ಯೂಕನ ಪ್ರಭಾವ ಬಲವಾಗಿತ್ತು.

ಅರಮನೆಯ ದಿನಚರಿಯಲ್ಲಿಯೇ ಘರ್ಷಣೆಗಳಾದವು. ಊಟದ ಮೊದಲು ಪ್ರಾರ್ಥನೆ ಸಲ್ಲಿಸುವ ಹಕ್ಕಿಗಾಗಿ ದೊರೆಯ ಪಾದ್ರಿಯೂ ರಾಣಿಯ ಗುರುವೂ ಮೇಜಿನ ಬಳಿ ಒಬ್ಬರನ್ನೊಬ್ಬರು ತಳ್ಳಾಡಿದರೆಂದು ಆ ಕಾಲದ ಪತ್ರವೊಂದು ತಿಳಿಸುತ್ತದೆ. ಟಿಚ್‌ಫೀಲ್ಡಿನಲ್ಲಿ ತಂಗಿದ್ದಾಗ ಮನೆಯ ಸಭಾಂಗಣದಲ್ಲಿ ಆಂಗ್ಲಿಕನ್ ಪ್ರವಚನ ನಡೆಯುತ್ತಿತ್ತು. ರಾಣಿಯು ತನ್ನ ಸಖಿಯರು ಮತ್ತು ನಾಯಿಗಳೊಡನೆ ಸದ್ದು ಮಾಡುತ್ತ ಅದರ ನಡುವೆಯೇ ಹಾದುಹೋದಳು. ಒಬ್ಬರ ಪೂಜೆಯನ್ನು ಇನ್ನೊಬ್ಬರು ಪೂಜೆಯೆಂದು ಗೌರವಿಸುವ ಮನೋಭಾವ ಎರಡು ಕಡೆಯಲ್ಲಿಯೂ ಕಾಣದಾಗಿತ್ತು.

ಪಟ್ಟಾಭಿಷೇಕಕ್ಕೆ ನಿರಾಕರಣೆ

1626ರ ಫೆಬ್ರವರಿ 2ರಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಚಾರ್ಲ್ಸನ ಪಟ್ಟಾಭಿಷೇಕವಾಯಿತು. ಆ ಸಮಾರಂಭ ಆಂಗ್ಲಿಕನ್ ಆರಾಧನೆಯ ಭಾಗವಾಗಿಯೇ ನಡೆಯುವಂಥದು. ಪ್ರಾಟೆಸ್ಟಂಟ್ ಬಿಷಪ್ಪನ ಕೈಯಿಂದ ಅಭಿಷೇಕ ಪಡೆಯಲು ರಾಣಿ ಒಪ್ಪಲಿಲ್ಲ. ತನ್ನ ಪರಿವಾರದ ಫ್ರೆಂಚ್ ಬಿಷಪ್ ಕಿರೀಟ ತೊಡಿಸಲಿ ಎಂಬ ಸಲಹೆಯನ್ನು ಇಂಗ್ಲೆಂಡಿನವರು ಒಪ್ಪಲಿಲ್ಲ. ಕೊನೆಗೆ ಆಕೆ ಸಮಾರಂಭಕ್ಕೆ ಹೋಗಲೇ ಇಲ್ಲ.

ಇದಕ್ಕೆ ಬೇರೆ ದಾರಿಯೂ ಇತ್ತು. ಚಾರ್ಲ್ಸನ ತಾಯಿ, ಡೆನ್ಮಾರ್ಕಿನ ಆನ್, ಕ್ಯಾಥೊಲಿಕ್ ಪಂಥದತ್ತ ಒಲವುಳ್ಳವಳಾಗಿದ್ದರೂ 1603ರಲ್ಲಿ ಕಿರೀಟವನ್ನು ಸ್ವೀಕರಿಸಿ, ಆಂಗ್ಲಿಕನ್ ಕ್ರಮದ ಪ್ರಭುಭೋಜನವನ್ನು ಮಾತ್ರ ತೆಗೆದುಕೊಳ್ಳದೆ ಉಳಿದಿದ್ದಳು. ಹೆನ್ರಿಯೆಟಾ ಅಂಥ ಮಧ್ಯಮಾರ್ಗವನ್ನು ಹಿಡಿಯಲಿಲ್ಲ. ಇಂಗ್ಲೆಂಡಿನ ಜನರ ಕಣ್ಣಿಗೆ ಅದು ಆತ್ಮಸಾಕ್ಷಿಯ ಮಾತಾಗಿ ಕಾಣದೆ ತಮ್ಮ ದೇಶಕ್ಕೂ ಧರ್ಮಕ್ಕೂ ಮಾಡಿದ ಅವಮಾನವಾಗಿ ಕಂಡಿತು.

ಪರಿವಾರದ ಉಚ್ಚಾಟನೆ

ಆ ವರ್ಷದ ಬೇಸಗೆಯಲ್ಲಿ ಹೈಡ್ ಪಾರ್ಕಿನ ಕಡೆ ಸಂಚಾರ ಹೋಗಿದ್ದ ರಾಣಿ ಟೈಬರ್ನ್ ಗಲ್ಲಿನ ಬಳಿ ಪ್ರಾರ್ಥಿಸಿದಳೆಂಬ ಸುದ್ದಿ ಹಬ್ಬಿತು. ಆ ಸ್ಥಳದಲ್ಲಿ ಅನೇಕ ಕ್ಯಾಥೊಲಿಕ್ ಗುರುಗಳನ್ನು ಗಲ್ಲಿಗೇರಿಸಲಾಗಿತ್ತು. ಫ್ರೆಂಚರು ಸುದ್ದಿಯನ್ನು ಅಲ್ಲಗಳೆದರೂ ಚಾರ್ಲ್ಸನ ಸಹನೆ ಮುಗಿದಿತ್ತು. ಅವನು ಫ್ರೆಂಚ್ ಪರಿವಾರದ ಬಹುಭಾಗವನ್ನು ಸ್ವದೇಶಕ್ಕೆ ಕಳುಹಿಸಿಬಿಟ್ಟನು. ತನ್ನವರನ್ನು ಕೊನೆಯ ಬಾರಿ ನೋಡಲೆಂದು ರಾಣಿ ಕಿಟಕಿಯ ಗಾಜನ್ನು ಕೈಯಿಂದಲೇ ಒಡೆದಳೆಂದು ಆ ಕಾಲದ ಪತ್ರಗಳು ಹೇಳುತ್ತವೆ.

ಒಪ್ಪಂದವನ್ನು ಉಲ್ಲಂಘಿಸಿದ ಈ ಕ್ರಮದಿಂದ ಫ್ರಾನ್ಸ್ ಕೆರಳಿತು. ರಾಯಭಾರಿಯಾಗಿ ಬಂದ ಬಾಸೊಂಪಿಯೆರ್ ದಂಪತಿಗಳ ನಡುವೆ ರಾಜಿ ಮಾಡಿಸಿ, ಕೆಲವು ಗುರುಗಳು ಉಳಿಯುವಂತೆ ಏರ್ಪಡಿಸಿದನು. ಆದರೂ 1627ರಲ್ಲಿ ಎರಡು ದೇಶಗಳ ನಡುವೆ ಯುದ್ಧ ಆರಂಭವಾಯಿತು.

ಸಾಮರಸ್ಯದ ಕಾಲ

1628ರ ಆಗಸ್ಟ್ 23ರಂದು ಬಕಿಂಗ್‌ಹ್ಯಾಮ್ ಹತ್ಯೆಗೀಡಾದನು. ದುಃಖದಲ್ಲಿದ್ದ ದೊರೆಗೆ ಪತ್ನಿ ಆಸರೆಯಾದಳು. ಅಲ್ಲಿಂದ ಮುಂದೆ ಅವರ ದಾಂಪತ್ಯ ಗಾಢವಾದ ಪ್ರೀತಿಯಿಂದ ಕೂಡಿತು. 1629ರಲ್ಲಿ ಫ್ರಾನ್ಸಿನೊಡನೆ ಶಾಂತಿ ಏರ್ಪಟ್ಟಿತು. ಚಿತ್ರಕಾರ ವಾನ್ ಡೈಕ್ ಈ ಕುಟುಂಬದ ಅನೇಕ ಚಿತ್ರಗಳನ್ನು ಬರೆದನು.

ಆರಾಧನೆಯ ವಿಷಯದಲ್ಲಿ ಇಬ್ಬರೂ ಒಂದು ರೂಢಿಗೆ ಬಂದರು. ದೊರೆ ತನ್ನ ಪ್ರಾರ್ಥನಾಲಯದಲ್ಲಿ ಆಂಗ್ಲಿಕನ್ ಆರಾಧನೆಗೆ, ರಾಣಿ ತನ್ನ ಪ್ರಾರ್ಥನಾಲಯದಲ್ಲಿ ಬಲಿಪೂಜೆಗೆ ಹೋಗುತ್ತಿದ್ದರು. ಸೇಂಟ್ ಜೇಮ್ಸ್ ಅರಮನೆಯಲ್ಲಿ ವಾಸ್ತುಶಿಲ್ಪಿ ಇನಿಗೋ ಜೋನ್ಸ್ ನಿರ್ಮಿಸಿದ ಪ್ರಾರ್ಥನಾಲಯವನ್ನು 1623ರಲ್ಲಿ ಸ್ಪೇನಿನ ವಧುವಿಗೆಂದು ಆರಂಭಿಸಲಾಗಿತ್ತು. ಅದು ಹೆನ್ರಿಯೆಟಾಳ ಪಾಲಿಗೆ ಬಂದಿತು. 1630ರಲ್ಲಿ ಫ್ರಾನ್ಸಿನಿಂದ ಕಪೂಚಿನ್ ಸಂನ್ಯಾಸಿಗಳು ಬಂದು ರಾಣಿಯ ಧಾರ್ಮಿಕ ಸೇವೆಯನ್ನು ವಹಿಸಿಕೊಂಡರು. ಇಬ್ಬರಲ್ಲಿ ಯಾರೂ ಇನ್ನೊಬ್ಬರನ್ನು ತಮ್ಮ ಪಂಥಕ್ಕೆ ತರಲಾಗಲಿಲ್ಲ. ಹಾಗಿದ್ದರೂ ಮನೆಯ ಶಾಂತಿ ಕದಡಲಿಲ್ಲ.

ಮಕ್ಕಳ ದೀಕ್ಷಾಸ್ನಾನ

ಮಕ್ಕಳ ವಿಷಯದಲ್ಲಿ ಈ ಏರ್ಪಾಡು ಸಾಲದಾಯಿತು. ಮಗುವಿಗೆ ಎರಡು ಕ್ರಮಗಳಲ್ಲಿ ದೀಕ್ಷಾಸ್ನಾನ ಮಾಡಿಸಲಾಗದು. ಯಾವುದಾದರೂ ಒಂದನ್ನು ಆರಿಸಲೇಬೇಕು. 1629ರ ಮೇ ತಿಂಗಳಲ್ಲಿ ಹುಟ್ಟಿದ ಮೊದಲ ಮಗು ಕೆಲವೇ ಗಂಟೆಗಳಲ್ಲಿ ತೀರಿಕೊಂಡಿತು. 1630ರ ಮೇ 29ರಂದು ಹುಟ್ಟಿದ ರಾಜಕುಮಾರ ಚಾರ್ಲ್ಸನಿಗೆ ಬಿಷಪ್ ವಿಲಿಯಂ ಲಾಡ್ ಆಂಗ್ಲಿಕನ್ ಕ್ರಮದಲ್ಲಿ ದೀಕ್ಷಾಸ್ನಾನ ಮಾಡಿಸಿದನು. ಮಗುವಿನ ಧರ್ಮಪಿತೃಗಳಾಗಿ ಹೆಸರಿಸಲ್ಪಟ್ಟವರಲ್ಲಿ ಕ್ಯಾಥೊಲಿಕರಾದ ಹದಿಮೂರನೆಯ ಲೂಯಿ ಮತ್ತು ಮರಿ ಮೆಡಿಚಿ, ಪ್ರಾಟೆಸ್ಟಂಟನಾದ ಐದನೆಯ ಫ್ರೆಡರಿಕ್ ಇದ್ದರು. ಮೂವರ ಪರವಾಗಿಯೂ ಪ್ರತಿನಿಧಿಗಳು ನಿಂತರು.

ಮುಂದೆ ಮೇರಿ (1631), ಜೇಮ್ಸ್ (1633), ಎಲಿಜಬೆತ್ (1635), ಆನ್ (1637), ಹೆನ್ರಿ (1640) ಮತ್ತು ಹೆನ್ರಿಯೆಟಾ (1644) ಜನಿಸಿದರು. ಒಪ್ಪಂದದಲ್ಲಿ ಹದಿಮೂರು ವರ್ಷಗಳ ಮಾತಿದ್ದರೂ ಮಕ್ಕಳು ತಂದೆಯ ಸಭೆಯಲ್ಲಿಯೇ ಬೆಳೆದರು. ಹಿರಿಯ ಮಗನಿಗೆ ಬ್ರಯನ್ ಡಪ್ಪಾ ಎಂಬ ಆಂಗ್ಲಿಕನ್ ಪಾದ್ರಿ ಬೋಧಕನಾದನು. ಮುಂದೆ ಅವನು ಬಿಷಪ್ ಪದವಿಗೇರಿದನು. 1641ರ ಮೇ 2ರಂದು ಒಂಬತ್ತು ವರ್ಷದ ಮೇರಿಯ ವಿವಾಹ ಆರೆಂಜಿನ ರಾಜಕುಮಾರ ವಿಲಿಯಮ್ಮನೊಡನೆ ಪ್ರಾಟೆಸ್ಟಂಟ್ ಕ್ರಮದಲ್ಲಿ ನಡೆದಾಗ, ರಾಣಿ ಅದರಲ್ಲಿ ಭಾಗವಹಿಸದೆ ಮೊಗಸಾಲೆಯಲ್ಲಿ ಪ್ರತ್ಯೇಕವಾಗಿ ಕುಳಿತು ನೋಡಿದಳು. ತನ್ನ ಮಗಳ ಮದುವೆಗೆ ಆಕೆ ಪ್ರೇಕ್ಷಕಳಾಗಬೇಕಾಯಿತು.

ರಾಣಿಯ ಪ್ರಾರ್ಥನಾಲಯ ಮತ್ತು ಜನರ ಸಂಶಯ

1632ರಲ್ಲಿ ಲಂಡನ್ನಿನ ಸಾಮರ್‌ಸೆಟ್ ಹೌಸಿನಲ್ಲಿ ಹೊಸ ಪ್ರಾರ್ಥನಾಲಯಕ್ಕೆ ಅಡಿಗಲ್ಲು ಹಾಕಲಾಯಿತು. ಇದನ್ನೂ ಇನಿಗೋ ಜೋನ್ಸನೇ ರೂಪಿಸಿದನು. ದಶಕದ ಮಧ್ಯಭಾಗದಲ್ಲಿ ಅದು ತೆರೆದಾಗ ಬಲಿಪೂಜೆಯ ವೈಭವವನ್ನು ನೋಡಲು ಜನ ಕಿಕ್ಕಿರಿದರು. ರಾಣಿಯ ಪರಿವಾರಕ್ಕೆಂದು ಇದ್ದ ಆಲಯ ನಗರದ ಕ್ಯಾಥೊಲಿಕರಿಗೂ ಆಶ್ರಯವಾಯಿತು. ಪೋಪರ ಪ್ರತಿನಿಧಿಗಳಾದ ಪಂಝಾನಿ, ಜಾರ್ಜ್ ಕಾನ್ ಮೊದಲಾದವರು ಆಸ್ಥಾನಕ್ಕೆ ಬಂದರು. ಕೆಲವು ಶ್ರೀಮಂತ ಮಹಿಳೆಯರು ಕ್ಯಾಥೊಲಿಕ್ ಪಂಥಕ್ಕೆ ಸೇರಿದರು. ಈ ಮತಾಂತರಗಳನ್ನು ಆರ್ಚ್‌ಬಿಷಪ್ ಆಗಿದ್ದ ಲಾಡ್ ತೀವ್ರವಾಗಿ ವಿರೋಧಿಸಿದನು. 1637ರ ಡಿಸೆಂಬರಿನಲ್ಲಿ ಮತಾಂತರದ ವಿರುದ್ಧ ರಾಜಘೋಷಣೆ ಹೊರಟಿತು. ಆದರೆ ರಾಣಿಯ ಒತ್ತಾಯದಿಂದ ಅದರ ಕಾಠಿಣ್ಯ ತಗ್ಗಿತ್ತು.

ಇದೇ ಸಮಯದಲ್ಲಿ ಲಾಡ್ ಆಂಗ್ಲಿಕನ್ ದೇವಾಲಯಗಳಲ್ಲಿ ಬಲಿಪೀಠವನ್ನು ಪೂರ್ವದಿಕ್ಕಿನಲ್ಲಿರಿಸಿ ಕಟಕಟೆ ಹಾಕಿಸುವುದೇ ಮೊದಲಾದ ಬದಲಾವಣೆಗಳನ್ನು ತಂದನು. ಇದು ರಾಣಿಯ ಪ್ರಭಾವದಿಂದ ಆದದ್ದಲ್ಲ. ಲಾಡ್ ಮತ್ತು ರಾಣಿ ಧಾರ್ಮಿಕವಾಗಿ ಎದುರಾಳಿಗಳು. ಆದರೆ ಪ್ಯೂರಿಟನ್ನರು ಎರಡನ್ನೂ ಒಂದೇ ಸಂಚಿನ ಭಾಗಗಳೆಂದು ಭಾವಿಸಿದರು. ದೊರೆಯ ಶಯ್ಯಾಗೃಹದ ಮೂಲಕ ರೋಮ್ ಮತ್ತೆ ಇಂಗ್ಲೆಂಡಿನೊಳಗೆ ಬರುತ್ತಿದೆ ಎಂಬ ಭಯ ಬೆಳೆಯಿತು. ಮನೆಯೊಳಗೆ ದಂಪತಿಗಳು ಸಾಧಿಸಿದ ಸೌಹಾರ್ದವೇ ಹೊರಗೆ ಸಂಶಯಕ್ಕೆ ಕಾರಣವಾದುದು ಈ ವಿವಾಹದ ದೊಡ್ಡ ವಿಪರ್ಯಾಸ.

ಅಂತರ್ಯುದ್ಧ

1637ರಲ್ಲಿ ಚಾರ್ಲ್ಸನು ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಗ್ರಂಥವನ್ನು ಹೇರಲು ಯತ್ನಿಸಿದಾಗ ಎಡಿನ್‌ಬರೋದಲ್ಲಿ ಗಲಭೆಯಾಗಿ, ಮುಂದೆ ಯುದ್ಧವೇ ನಡೆಯಿತು. ಹೆಂಡತಿಯ ಆರಾಧನೆಗೆ ಅವಕಾಶವಿತ್ತ ದೊರೆ ತನ್ನ ಪ್ರಜೆಗಳ ಆರಾಧನಾ ಭೇದವನ್ನು ಸಹಿಸಲಿಲ್ಲ. 1639ರಲ್ಲಿ ಈ ಯುದ್ಧಕ್ಕಾಗಿ ರಾಣಿ ಇಂಗ್ಲೆಂಡಿನ ಕ್ಯಾಥೊಲಿಕರಿಂದ ಹಣ ಸಂಗ್ರಹಿಸಿದಳು. ಇದರಿಂದ ಜನರ ಸಂಶಯ ಇನ್ನಷ್ಟು ಬಲವಾಯಿತು.

1642ರ ಫೆಬ್ರವರಿಯಲ್ಲಿ ಆಕೆ ಮಗಳು ಮೇರಿಯೊಡನೆ ಹಾಲೆಂಡಿಗೆ ಹೋಗಿ, ಆಭರಣಗಳನ್ನು ಒತ್ತೆಯಿಟ್ಟು ಗಂಡನ ಸೈನ್ಯಕ್ಕೆ ಹಣ ಮತ್ತು ಆಯುಧಗಳನ್ನು ಒದಗಿಸಿದಳು. ಮರುವರ್ಷದ ಫೆಬ್ರವರಿಯಲ್ಲಿ ಬ್ರಿಡ್ಲಿಂಗ್‌ಟನ್ನಿನಲ್ಲಿ ಇಳಿದಾಗ ಪಾರ್ಲಿಮೆಂಟಿನ ಹಡಗುಗಳು ಆಕೆ ತಂಗಿದ್ದ ಸ್ಥಳದ ಮೇಲೆ ಗುಂಡು ಹಾರಿಸಿದವು. 1643ರ ಮಾರ್ಚ್ ಕೊನೆಯಲ್ಲಿ ಪಾರ್ಲಿಮೆಂಟಿನವರು ಸಾಮರ್‌ಸೆಟ್ ಹೌಸಿನ ಪ್ರಾರ್ಥನಾಲಯವನ್ನು ಧ್ವಂಸಗೊಳಿಸಿ, ಬಲಿಪೀಠದ ಮೇಲಿದ್ದ ರೂಬೆನ್ಸನ ಚಿತ್ರವನ್ನು ಥೇಮ್ಸ್ ನದಿಗೆ ಎಸೆದರು. ಕಪೂಚಿನ್ ಸಂನ್ಯಾಸಿಗಳನ್ನು ಹೊರದೂಡಲಾಯಿತು. ಮೇ ತಿಂಗಳಲ್ಲಿ ಕಾಮನ್ಸ್ ಸಭೆ ರಾಣಿಯ ಮೇಲೆ ದೋಷಾರೋಪ ಹೊರಿಸಿತು.

1644ರ ಏಪ್ರಿಲ್‌ನಲ್ಲಿ ದಂಪತಿಗಳು ಆಬಿಂಗ್‌ಡನ್ನಿನಲ್ಲಿ ಬೀಳ್ಕೊಂಡರು. ಅವರು ಮತ್ತೆ ಭೇಟಿಯಾಗಲಿಲ್ಲ. ಜೂನ್‌ನಲ್ಲಿ ಎಕ್ಸೆಟರಿನಲ್ಲಿ ಕೊನೆಯ ಮಗಳನ್ನು ಹೆತ್ತ ರಾಣಿ, ಶಿಶುವನ್ನು ಅಲ್ಲಿಯೇ ಬಿಟ್ಟು ಜುಲೈಯಲ್ಲಿ ಫ್ರಾನ್ಸಿಗೆ ಹೊರಟುಹೋದಳು.

1646ರ ಪತ್ರವ್ಯವಹಾರ

ಯುದ್ಧದಲ್ಲಿ ಸೋತ ಚಾರ್ಲ್ಸನು 1646ರಲ್ಲಿ ಸ್ಕಾಟರ ವಶದಲ್ಲಿದ್ದನು. ಬಿಷಪ್ಪರ ವ್ಯವಸ್ಥೆಯನ್ನು ರದ್ದುಪಡಿಸಿ ಪ್ರೆಸ್ಬಿಟೇರಿಯನ್ ಕ್ರಮವನ್ನು ಒಪ್ಪಿದರೆ ಅವರು ನೆರವಾಗಬಹುದಾಗಿತ್ತು. ಒಪ್ಪಿಕೊಂಡು ಪ್ರಾಣವನ್ನೂ ಸಿಂಹಾಸನವನ್ನೂ ಉಳಿಸಿಕೊಳ್ಳುವಂತೆ ರಾಣಿ ಪತ್ರಗಳ ಮೂಲಕ ಒತ್ತಾಯಿಸಿದಳು. ಆಕೆಯ ದೃಷ್ಟಿಯಲ್ಲಿ ಎರಡೂ ಪ್ರಾಟೆಸ್ಟಂಟ್ ಕ್ರಮಗಳೇ. ಒಂದರ ಬದಲು ಇನ್ನೊಂದನ್ನು ಒಪ್ಪುವುದು ರಾಜಕೀಯದ ಮಾತು. ಚಾರ್ಲ್ಸನಿಗೆ ಬಿಷಪ್ಪರ ಪರಂಪರೆಯು ಸಭೆಯ ಜೀವವಾಗಿತ್ತು. ಅದನ್ನು ಬಿಡುವುದು ಆತ್ಮಸಾಕ್ಷಿಯನ್ನೇ ಮಾರಿದಂತೆ. ಅವನು ಆ ಮಟ್ಟಿಗೆ ಮಣಿಯಲಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ಒಂದು ಕಿರೀಟಧಾರಣೆಯ ವಿಧಿಗೂ ತಲೆಬಾಗದಿದ್ದ ರಾಣಿಗೆ ಗಂಡನ ಹಟದ ಹಿಂದಿದ್ದ ಶ್ರದ್ಧೆ ಅರ್ಥವಾಗಲಿಲ್ಲ. ಪರಸ್ಪರ ಪ್ರೀತಿಯುಳ್ಳ ದಂಪತಿಗಳಲ್ಲಿಯೂ ಇನ್ನೊಬ್ಬರ ಆರಾಧನೆಯ ಒಳಮರ್ಮ ಎಷ್ಟು ಅಪರಿಚಿತವಾಗಿ ಉಳಿಯಬಹುದೆಂಬುದಕ್ಕೆ ಈ ಪತ್ರಗಳು ಸಾಕ್ಷಿಯಾಗಿವೆ. 1649ರ ಜನವರಿ 30ರಂದು ಚಾರ್ಲ್ಸನ ಶಿರಚ್ಛೇದವಾಯಿತು.

ವೈಧವ್ಯ ಮತ್ತು ಮಗ ಹೆನ್ರಿಯ ಪ್ರಸಂಗ

ವಿಧವೆಯಾದ ರಾಣಿ 1651ರಲ್ಲಿ ಪ್ಯಾರಿಸಿನ ಸಮೀಪದ ಶೈಯೋದಲ್ಲಿ ಸಂನ್ಯಾಸಿನಿಯರ ಮಠವೊಂದನ್ನು ಸ್ಥಾಪಿಸಿದಳು. ಕಿರಿಯ ಮಗಳು ಹೆನ್ರಿಯೆಟಾ ಆಂಗ್ಲಿಕನ್ ದೀಕ್ಷಾಸ್ನಾನ ಪಡೆದಿದ್ದರೂ ಫ್ರಾನ್ಸಿಗೆ ತರಲ್ಪಟ್ಟ ಮೇಲೆ ಕ್ಯಾಥೊಲಿಕಳಾಗಿ ಬೆಳೆದಳು.

ಕಿರಿಯ ಮಗ ಹೆನ್ರಿಯ ವಿಷಯದಲ್ಲಿ ಇದೇ ಯತ್ನ ದುರಂತವಾಯಿತು. ಚಾರ್ಲ್ಸನು ಮರಣದ ಹಿಂದಿನ ದಿನ ಈ ಮಗನನ್ನು ಕರೆಸಿಕೊಂಡು ಬೀಳ್ಕೊಂಡಿದ್ದನು. 1654ರಲ್ಲಿ ಹದಿನಾಲ್ಕು ವರ್ಷದ ಹುಡುಗನನ್ನು ಆಂಗ್ಲಿಕನ್ ಬೋಧಕನಿಂದ ಬೇರ್ಪಡಿಸಿ, ಕ್ಯಾಥೊಲಿಕ್ ಪಂಥಕ್ಕೆ ತರಲೆಂದು ರಾಣಿ ಪೊಂತ್ವಾಸಿನ ಮಠಕ್ಕೆ ಕಳುಹಿಸಿದಳು. ದೇಶಭ್ರಷ್ಟನಾಗಿ ಕಲೋನಿನಲ್ಲಿದ್ದ ಹಿರಿಯ ಮಗ ಚಾರ್ಲ್ಸ್ ಇದನ್ನು ತಡೆಯಲು ಆರ್ಮಂಡ್ ಪ್ರಭುವನ್ನು ಕಳುಹಿಸಿದನು. ತಮ್ಮನು ಪಂಥ ಬದಲಿಸಿದರೆ ಇಂಗ್ಲೆಂಡಿನ ಜನರ ವಿಶ್ವಾಸ ಶಾಶ್ವತವಾಗಿ ಕಳೆದುಹೋಗುವುದೆಂದು ಅವನಿಗೆ ತಿಳಿದಿತ್ತು. ಹುಡುಗ ತಂದೆಯ ಸಭೆಯನ್ನು ಬಿಡಲು ಒಪ್ಪದಿದ್ದಾಗ ತಾಯಿ ಅವನ ಮುಖ ನೋಡಲೂ ನಿರಾಕರಿಸಿದಳು. 1660ರ ಸೆಪ್ಟೆಂಬರಿನಲ್ಲಿ ಹೆನ್ರಿ ಲಂಡನ್ನಿನಲ್ಲಿ ಸಿಡುಬಿನಿಂದ ತೀರಿಕೊಂಡನು. ತಾಯಿ ಇಂಗ್ಲೆಂಡನ್ನು ತಲುಪಿದ್ದು ಅದಾದ ಮೇಲೆ.

ಕೊನೆಯ ವರ್ಷಗಳು

1660ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯಾದ ನಂತರ ಹೆನ್ರಿಯೆಟಾ ಇಂಗ್ಲೆಂಡಿಗೆ ಬಂದುಹೋದಳು. 1662ರಿಂದ 1665ರವರೆಗೆ ಸಾಮರ್‌ಸೆಟ್ ಹೌಸಿನಲ್ಲಿ ವಾಸಿಸಿದಳು. ಅಲ್ಲಿನ ಪ್ರಾರ್ಥನಾಲಯದಲ್ಲಿ ಕಪೂಚಿನ್ ಸಂನ್ಯಾಸಿಗಳು ಮತ್ತೆ ಬಲಿಪೂಜೆ ನಡೆಸಿದರು. ಆರೋಗ್ಯ ಕೆಟ್ಟುದರಿಂದ ಫ್ರಾನ್ಸಿಗೆ ಮರಳಿ, 1669ರ ಸೆಪ್ಟೆಂಬರ್ 10ರಂದು ಕೊಲೊಂಬ್ ಎಂಬಲ್ಲಿ ನಿಧನಳಾದಳು. ದೇಹವನ್ನು ಸಾಂ ದೆನಿಯ ರಾಜಸಮಾಧಿಗಳಲ್ಲಿಯೂ ಹೃದಯವನ್ನು ಶೈಯೋ ಮಠದಲ್ಲಿಯೂ ಇರಿಸಲಾಯಿತು. ಪ್ರಸಿದ್ಧ ವಾಗ್ಮಿ ಬೊಸ್ವೆ ಆ ಮಠದಲ್ಲಿ ಆಕೆಯ ಕುರಿತು ಶ್ರದ್ಧಾಂಜಲಿ ಪ್ರವಚನ ಮಾಡಿದನು. ಗಂಡನ ಸಮಾಧಿ ಇಂಗ್ಲೆಂಡಿನ ವಿಂಡ್ಸರಿನಲ್ಲಿದೆ.

ನಂತರದ ಪರಿಣಾಮಗಳು

ಇಂಥದೇ ವಿವಾಹ ಮುಂದಿನ ತಲೆಮಾರಿನಲ್ಲಿಯೂ ನಡೆಯಿತು. 1662ರಲ್ಲಿ ಎರಡನೆಯ ಚಾರ್ಲ್ಸನು ಪೋರ್ಚುಗಲ್ಲಿನ ಕ್ಯಾಥೊಲಿಕ್ ರಾಜಕುಮಾರಿ ಕ್ಯಾಥರೀನಳನ್ನು ವಿವಾಹವಾದಾಗ, ಮೊದಲು ಗುಪ್ತವಾಗಿ ಕ್ಯಾಥೊಲಿಕ್ ಕ್ರಮದಲ್ಲಿಯೂ ಅನಂತರ ಬಹಿರಂಗವಾಗಿ ಆಂಗ್ಲಿಕನ್ ಕ್ರಮದಲ್ಲಿಯೂ ವಿಧಿಗಳು ನಡೆದವು. ಆ ವಿವಾಹದ ಬಳುವಳಿಯಾಗಿ ಇಂಗ್ಲಿಷರಿಗೆ ಸೇರಿದ ಪ್ರದೇಶವೇ ಮುಂಬಯಿ. ಅದನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದ ಮುಂಬಯಿ ಪ್ರಾಂತ್ಯದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು 1956ರ ಏಕೀಕರಣದವರೆಗೆ ಸೇರಿದ್ದವು.

ಹೆನ್ರಿಯೆಟಾಳ ಎರಡನೆಯ ಮಗ ಜೇಮ್ಸ್ ವಯಸ್ಕನಾದ ಮೇಲೆ ಕ್ಯಾಥೊಲಿಕ್ ಪಂಥವನ್ನು ಸ್ವೀಕರಿಸಿದನು. 1685ರಲ್ಲಿ ದೊರೆಯಾದರೂ 1688ರ ಕ್ರಾಂತಿಯಲ್ಲಿ ಸಿಂಹಾಸನವನ್ನು ಕಳೆದುಕೊಂಡನು. 1689ರ ಹಕ್ಕುಗಳ ಶಾಸನ ಮತ್ತು 1701ರ ಉತ್ತರಾಧಿಕಾರ ಶಾಸನಗಳು ಕ್ಯಾಥೊಲಿಕರನ್ನು ಮಾತ್ರವಲ್ಲದೆ ಕ್ಯಾಥೊಲಿಕರನ್ನು ಮದುವೆಯಾದವರನ್ನೂ ಸ್ಥಾನದಿಂದ ಹೊರಗಿಟ್ಟವು. ವಿವಾಹಕ್ಕೆ ಸಂಬಂಧಿಸಿದ ಈ ನಿಷೇಧವನ್ನು ತೆಗೆದುಹಾಕಿದ ಕಾನೂನು ಜಾರಿಗೆ ಬಂದದ್ದು 2015ರಲ್ಲಿ. ದೊರೆಯು ಸ್ವತಃ ಕ್ಯಾಥೊಲಿಕನಾಗಿರಬಾರದೆಂಬ ನಿಯಮ ಈಗಲೂ ಉಳಿದಿದೆ.

ಮೌಲ್ಯಮಾಪನ

ಹೆನ್ರಿಯೆಟಾಳನ್ನು ಅಂತರ್ಯುದ್ಧಕ್ಕೆ ಕಾರಣಳಾದ ದುರ್ಬೋಧಕಿಯೆಂದು ಹಳೆಯ ಪ್ರಾಟೆಸ್ಟಂಟ್ ಲೇಖಕರು ಚಿತ್ರಿಸಿದರು. ಧರ್ಮಕ್ಕಾಗಿ ಕಷ್ಟಪಟ್ಟ ಸಾಧ್ವಿಯೆಂದು ಕ್ಯಾಥೊಲಿಕ್ ಲೇಖಕರು ಸ್ತುತಿಸಿದರು. ಎರಡೂ ಅಪೂರ್ಣ. ಯುದ್ಧಕ್ಕೆ ತೆರಿಗೆ, ಪಾರ್ಲಿಮೆಂಟಿನ ಹಕ್ಕು, ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ಗಳ ಸಮಸ್ಯೆ ಹೀಗೆ ಅನೇಕ ಕಾರಣಗಳಿದ್ದವು. ಆಕೆಯ ಹಟ ಮತ್ತು ಅವಿವೇಕಗಳೂ ಸುಳ್ಳಲ್ಲ.

ವಿವಾಹ ಒಪ್ಪಂದವು ಪ್ರಾರ್ಥನಾಲಯಗಳನ್ನೂ ಗುರುಗಳನ್ನೂ ಎಣಿಸಿ ಕೊಟ್ಟಿತು. ಇಬ್ಬರೂ ಕೂಡಿ ನಿಲ್ಲಬೇಕಾದ ಸಂದರ್ಭಗಳಿಗೆ ದಾರಿ ತೋರಿಸಲಿಲ್ಲ. ಒಬ್ಬೊಬ್ಬರ ಆರಾಧನೆಗೆ ಪ್ರತ್ಯೇಕ ಸ್ಥಳ ದೊರೆತಾಗ ದಂಪತಿಗಳು ಸುಖವಾಗಿ ಬಾಳಿದರು. ಪಟ್ಟಾಭಿಷೇಕ, ಮಕ್ಕಳ ದೀಕ್ಷೆ, ಮಗಳ ಮದುವೆ ಮುಂತಾದ ಸಮಾನ ಸಂದರ್ಭಗಳಲ್ಲಿ ಒಬ್ಬರು ಹೊರಗೆ ನಿಲ್ಲಬೇಕಾಯಿತು. ಪ್ರೀತಿಯಿಂದ ಗಂಡ ಕೊಟ್ಟ ಸ್ವಾತಂತ್ರ್ಯವನ್ನು ಅನುಭವಿಸಿದ ಆಕೆ ಅದೇ ಸ್ವಾತಂತ್ರ್ಯವನ್ನು ಮಗನಿಗೆ ಕೊಡಲಾರದೆ ಹೋದಳು. ಈ ಕಾರಣದಿಂದ ಆಕೆಯ ಜೀವನವು ರಾಜಕೀಯ ಚರಿತ್ರೆಯ ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ, ಒಂದೇ ಧರ್ಮದ ಭಿನ್ನ ಆಚರಣೆಗಳ ನಡುವೆ ಕಟ್ಟಿಕೊಳ್ಳುವ ಕುಟುಂಬ ಜೀವನವನ್ನು ಅಧ್ಯಯನ ಮಾಡುವವರಿಗೂ ಗಮನಾರ್ಹವಾಗಿದೆ.